ಸೊಂಟದೆತ್ತರದ ಸ್ಟ್ಯಾಂಡು

ಹುಮನಾಬಾದಿನಲ್ಲಿ ಏರ್ ಕೂಲರುಗಳಿಗೆ ಕಬ್ಬಿಣದ ಸ್ಟ್ಯಾಂಡು ಮಾಡುವ ವೆಲ್ಡರ್ ಒಬ್ಬರಿದ್ದರು. ಏನು ಕೇಳಿದರೂ ಮೊದಲು ಸೊಂಟದ ಮೇಲೆ ಕೈಯಿಟ್ಟು ಉಸಿರು ಬಿಡುವರು. ಆಮೇಲೆ, "ಮಾಡಮ್ರಿ, ಸಾವಕಾಶ" ಎನ್ನುವರು. ಜೇಬಿನಲ್ಲಿ ಟೇಪು ಇದ್ದರೂ ಗೇಣಿನಲ್ಲೇ ಅಳೆಯುವರು.

ಬಸವಕಲ್ಯಾಣದಲ್ಲಿ ನಾನು ಮದುವೆ ವಿಡಿಯೊ ಎಡಿಟ್ ಮಾಡುವ ಕಂಪ್ಯೂಟರು ಬಿಸಿಯಾಗುತ್ತದೆಂದು, ಅದನ್ನು ನೀರಿನಿಂದ ತಣಿಸುವ ರೇಡಿಯೇಟರ್ ತರಿಸಿದ್ದೆ. ಅದು ಕಂಪ್ಯೂಟರಿನ ಡಬ್ಬಿಯೊಳಗೆ ಹಿಡಿಸಲಿಲ್ಲ. ಹೊರಗೆ ನಿಲ್ಲಿಸಲು ಗೇಣೆತ್ತರದ ಸ್ಟ್ಯಾಂಡು ಬೇಕೆಂದು ಅವರಿಗೆ ಹೇಳಿ ಬಂದೆ.

ವಾರ ಬಿಟ್ಟು ಹೋದರೆ ಸ್ಟ್ಯಾಂಡು ನನ್ನ ಸೊಂಟಕ್ಕೆ ಬರುತ್ತಿತ್ತು.

"ಕಾಕಾ, ಗೇಣು ಅಂದಿದ್ನಲ್ರಿ?"

"ನೀರ್ ಹಾಕೋರು ದಿನಾ ಬಗ್ಗಬೇಕಲ್ರಿ. ನಮ್ಮ ಮನ್ಯಾಗ ಕೂಲರ್ ನೆಲದ ಮ್ಯಾಗೇ ಅದ. ಬಗ್ಗಿ ಬಗ್ಗಿ ನೀರ್ ಹಾಕಿ ನಮ್ಮಾಕಿ ನಡಾನೇ ಹಿಡ್ದದ."

"ಇದಕ್ಕ ದಿನಾ ನೀರ್ ಹಾಕೋದಿಲ್ರಿ. ಒಮ್ಮಿ ತುಂಬಿ ಮುಚ್ಚಿರ್ತಾರ. ಅದೇ ನೀರು ಒಳಗೇ ತಿರುಗ್ತದ."

ಅವರು ಸ್ಟ್ಯಾಂಡನ್ನೇ ನೋಡುತ್ತ ನಿಂತರು. "ಕಂಪ್ಯೂಟರಿಗಿ ಇಷ್ಟು ಸುಖಾ ಏನ್ರಿ!" ಎಂದು, ಕಾಲು ಕತ್ತರಿಸಲು ಕಟರ್ ಎತ್ತಿಕೊಂಡರು.

"ಬ್ಯಾಡ್ರಿ. ಇದನ್ನ ಮನೀಗಿ ಒಯ್ರಿ. ನನಗ ಬ್ಯಾರೆ ಮಾಡ್ರಿ" ಎಂದೆ.

ಮರುವಾರ ಗೇಣೆತ್ತರದ್ದು ಸಿದ್ಧವಿತ್ತು. ಎತ್ತರದ್ದು ಅಂಗಡಿಯಲ್ಲಿ ಕಾಣಲಿಲ್ಲ.

"ಮನೀಗಿ ಒಯ್ದ್ರೇನ್ರಿ ಕಾಕಾ?"

"ಇಲ್ರಿ, ಗಿರಾಕಿ ಬಂದು ಒಯ್ದ." ಸೊಂಟದ ಮೇಲೆ ಕೈಯಿಟ್ಟು ಉಸಿರು ಬಿಟ್ಟರು. "ಮನೀಗಿ ಮಾಡಮ್ರಿ, ಸಾವಕಾಶ."