ಹುಣಸಿಗಡ್ಡಿಯ ದಂಡಿ ಸುತ್ತು

ಲಿಂಗಸುಗೂರು ಕಡೆ ಕೃಷ್ಣಾ ಹೊಳೆಯ ನಡುವೆ ಹುಣಸಿಗಡ್ಡಿ ಅಂತ ಒಂದು ಪುಟ್ಟ ನಡುಗಡ್ಡೆ. ತೆಪ್ಪದಲ್ಲಿ ದಾಟಿದರೆ ಸಿಗೋದು ಒಂದೇ ಊರು, ಒಂದು ಹನುಮಪ್ಪನ ಗುಡಿ, ಸುತ್ತ ನೀರು. ಆ ಊರಿಗೆ ಸೊಸೆಯಾಗಿ ಬಂದವಳು ಮದುವೆಯ ಮರುದಿನ ದಂಡಿ ಸುತ್ತಬೇಕು. ಹೆಂಗಸರ ಜೊತೆ ಹೊಳೆದಂಡೆ ಹಿಡಿದು ನಡೆದು, ನೀರಿಗಿಳಿಯೋ ಒಂದೊಂದು ಜಾಗದಲ್ಲೂ ಕಾಲು ಅದ್ದಿ, ಗಂಗವ್ವಗೆ ಅರಿಶಿಣ ಕುಂಕುಮ ಬಿಟ್ಟು, ಓಣಿಗಳನ್ನು ಹಾದು ಮನೆ ಸೇರಬೇಕು. ನಡುವೆ ಹಿಂದಕ್ಕೆ ತಿರುಗೋ ಹಾಗಿಲ್ಲ. ಅವಳು ಬರೋತನಕ ಬೀಗರಾಗಲಿ ಮನೆಯವರಾಗಲಿ ಊಟಕ್ಕೆ ಕೂಡೋ ಹಾಗಿಲ್ಲ.

ಗ್ಯಾನಮ್ಮನೂ ಹಾಗೇ ಸುತ್ತಿದ್ದಳು. ಸಂತೆಕಲ್ಲೂರಿನ ಜೋಳದ ಸೀಮೆಯಲ್ಲಿ ಒಂದು ಕೊಡ ನೀರಿಗೆ ಸರದಿ ನಿಂತು ಬೆಳೆದ ಹುಡುಗಿ, ಹೊಳೆ ಕಂಡು ಅಂಜಿ ಅತ್ತೆಯ ಸೆರಗು ಬಿಟ್ಟಿರಲಿಲ್ಲ. “ಹೊಲ ಗಂಡಸರ ಹೆಸರಿಗೆ ಇರ್ತಾವ. ಈ ದಂಡಿ ಯಾರ ಹೆಸರಿಗೂ ಇಲ್ಲ. ಧೈರ್ಯಲೆ ನಡಿ” ಅಂದಿದ್ದಳು ಅತ್ತೆ. ಆಮೇಲೆ ಆಡು ಮೇಯಿಸಿದ್ದು, ಅರಿವೆ ಒಗೆದದ್ದು, ಗಂಡ ತೀರಿಕೊಂಡಾಗ ಒಬ್ಬಳೇ ಕೂತು ಅತ್ತದ್ದು, ಎಲ್ಲಾ ಆ ದಂಡೆಯಲ್ಲೇ. ಊರ ಸೊಸೆಯಂದಿರನ್ನೆಲ್ಲ ಮುಂದೆ ನಿಂತು ಸುತ್ತಿಸಿದವಳು ಅವಳೇ. ಈ ಸಲ ಅವಳದೇ ಸೊಸೆ, ಮಗ ಯಮನೂರನ ಹೆಂಡತಿ, ಗೊರೇಬಾಳದ ಜ್ಯೋತಿ.

“ಅತ್ತಿ, ನಮ್ಮೂರಾಗ ಕಾಲುವಿ ನೀರು ಹೇಳಿದ ಕಡಿ ಹೊಕ್ಕಾವ್ರೀ. ಈ ಹೊಳಿ ಯಾರ ಮಾತೂ ಕೇಳಂಗ ಕಾಣಂಗಿಲ್ಲ” ಅಂದಳು ಜ್ಯೋತಿ, ದಂಡೆ ಹಿಡಿದು ನಡೆಯುತ್ತಾ.

“ನಿಮ್ಮ ಅತ್ತಿನೂ ಹಂಗ ಅದಾಳ, ಈಗ ತಿಳಕೊ” ಅಂದಳು ಮಾರೆಮ್ಮ. ಗ್ಯಾನಮ್ಮನ ಮೈದುನ ಆದೆಪ್ಪನ ಹೆಂಡತಿ ಅವಳು. ಹೆಂಗಸರೆಲ್ಲ ನಕ್ಕರು.

ಅರಿವೆ ಒಗೆಯೋ ಬಂಡೆ ದಾಟುತ್ತಲೇ ನಗು ನಿಂತಿತು. ದಂಡೆಗೆ ಅಡ್ಡ ಮುಳ್ಳುತಂತಿ! ಆದೆಪ್ಪನ ಹೊಲದಿಂದ ಇಳಿದು ನೀರಿನವರೆಗೂ ಬಂದಿತ್ತು. ಕೊನೆಯ ಕಂಬ ಮೊಣಕಾಲುದ್ದ ನೀರಿನಲ್ಲಿ. ಅದರಾಚೆ ಮಡು, ಮೊಸಳೆಯ ಅಂಜಿಕೆ. ಆದೆಪ್ಪ ಅಲ್ಲೇ ನೀರೆತ್ತೋ ಹೊಸ ಮೋಟರಿನ ಹತ್ತಿರ ನಿಂತಿದ್ದ.

“ಏನಲೇ ಇದು?” ಅಂದಳು ಗ್ಯಾನಮ್ಮ.

“ಮೋಟರ್ ಕೂಡ್ಸೀನಿ ಅತ್ತಿಗಿ, ಕಾವಲು ಬ್ಯಾಡೇನು? ತಂತಿ ಎತ್ತಿ ಹಿಡೀತೀನಿ, ಬಗ್ಗಿ ಹೊಂಟ್ರ ಆತು.”

ಜ್ಯೋತಿ ಸೆರಗು ಸಾವರಿಸಿ ಬಗ್ಗಿದಳು. ಗ್ಯಾನಮ್ಮ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು.

“ಬಗ್ಗಬ್ಯಾಡ! ಇವತ್ತ ನೀ ಬಗ್ಗಿದ್ರ ನಾಳಿ ಕೊಡ ಹೊತ್ತಾಕಿ ಬಗ್ಗಬೇಕು, ನಾಡದ ಬಸರಿ ಹೆಂಗಸು ಬಗ್ಗಬೇಕು. ಲೇ ಆದೆಪ್ಪ, ಹೊಲ ನಿಂದು, ಉಣ್ಣು. ಹೊಳಿ ದಂಡಿ ನಿಮ್ಮಪ್ಪ ಬರಕೊಟ್ಟಾನೇನು?”

“ನಮ್ಮಪ್ಪ ನಿನಗ ಮಾವ, ನೆಪ್ಪಿರ್ಲಿ.”

“ನೆಪ್ಪೈತಿ. ನಮ್ಮ ಮಾವ ಅಂಥ ಮನಶ್ಯಾ ಅಲ್ಲ, ಅದಕ್ಕ ಕೇಳಾಕತ್ತೀನಿ!”

ಹಿಂದಕ್ಕೆ ತಿರುಗೋ ಹಾಗಿಲ್ಲ, ಬಗ್ಗೋದಿಲ್ಲ. ಗ್ಯಾನಮ್ಮ ಮರಳಲ್ಲಿ ಕೂತಳು. ಸೊಸೆ ಕೂತಳು, ಹೆಂಗಸರೆಲ್ಲ ಕೂತರು. ಬಿಸಿಲು ನೆತ್ತಿಗೆ ಬಂತು. ಓಣಿಯಿಂದ ಹೋಳಿಗೆಯ ವಾಸನೆ, ಹಸಿದ ಗಂಡಸರ ಕೂಗು. ಆದೆಪ್ಪನೂ ಬೆಳಗಿನಿಂದ ಉಂಡಿರಲಿಲ್ಲ. ಹೆಂಡತಿಯ ಮುಖ ನೋಡಿದ.

“ನನ್ನ ಯಾಕ ನೋಡ್ತಿ?” ಅಂದಳು ಮಾರೆಮ್ಮ. “ನಾ ಸುತ್ತಿದಾಗ ಈ ಮುಳ್ಳು ಇತ್ತೇನು?”

ಗೊಣಗುತ್ತಾ ಆದೆಪ್ಪ ಒಂದು ಕಡೆಯ ತಂತಿ ಬಿಚ್ಚಿದ. “ಇವತ್ತ ಒಂದ ದಿನ ಮತ್ತ. ಸಂಜಿಗಿ ಬಿಗೀತೀನಿ.”

ಜ್ಯೋತಿ ತಲೆಯೆತ್ತಿ ದಾಟಿದಳು, ಹಿಂದೆ ಉಳಿದವರೂ. ಗ್ಯಾನಮ್ಮ ಮಾತ್ರ ಆ ಕಂಡಿಯಲ್ಲೇ ಹೋಗಿ ಕೂತಳು.

“ಏಳು ಅತ್ತಿಗಿ, ನಿನ್ನ ಕಾಲು ಬೀಳ್ತೀನಿ.”

“ಒಂದ ದಿನದ ಧರ್ಮ ನಮಗ್ಯಾಕ ಬೇಕು? ಸಂಜಿಗಿ ಬಿಗಿಯಾಕ ಬಂದ್ರ ನನ್ನೂ ಸೇರ್ಸಿ ಬಿಗಿ.”

ಆದೆಪ್ಪ ಅತ್ತಿಗೆಯ ಮುಖ ನೋಡಿದ. ಆ ಮುಖ ಸಂಜೆಗಿರಲಿ, ಇನ್ನೊಂದು ವಾರಕ್ಕೂ ಏಳೋ ಮುಖವಾಗಿರಲಿಲ್ಲ. ಬೈಯುತ್ತಲೇ ನೀರಿಗಿಳಿದು ಕೊನೆಯ ಕಂಬ ಹಿಡಿದು ಅಲ್ಲಾಡಿಸತೊಡಗಿದ.

“ಸಡ್ಲ ಆಗೈತಿ, ಜಗ್ಗು” ಅಂದಳು ಗ್ಯಾನಮ್ಮ, ಕೂತಲ್ಲಿಂದಲೇ.