ಚಂದ್ರಿ ಗಬ್ಬ ಐತಿ

ರೇಣುಕಾ ತಿಕೋಟಾದ ಮಗಳು, ನಮ್ಮ ಜೈನಾಪುರದ ಸೊಸೆ. ಮೂರು ವರ್ಷದಿಂದ ಊರಿನ ಪಶುಸಖಿ. ಮನೆಮನೆಗೆ ಹೋಗಿ ದನಕರುಗಳ ಮೈ ನೋಡಿ, ಸಣ್ಣ ಬೇನೆಗೆ ತಾನೇ ಔಷಧ ಕೊಡುವುದು, ದೊಡ್ಡದಾದರೆ ಬಬಲೇಶ್ವರದ ಡಾಕ್ಟರನ್ನು ಕರೆಸುವುದು ಅವಳ ಕೆಲಸ. ಮೊದಮೊದಲು ಎಮ್ಮೆ ಬಾಲ ಬೀಸಿದರೆ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಈಗ ಎಮ್ಮೆಯೇ ಸರಿದು ಅವಳಿಗೆ ಜಾಗ ಕೊಡುತ್ತದೆ. ತಿಳಿಯದ್ದನ್ನು ನನ್ನಂಥ ಮುದುಕಿ ಕೇಳಿದರೆ, “ನನಗ ಗೊತ್ತಿಲ್ಲ ಆಯಿ, ಕೇಳಿ ಹೇಳ್ತೀನಿ” ಅನ್ನುತ್ತಾಳೆ. ಕೇಳಿ ಬಂದು ಹೇಳುತ್ತಾಳೆ ಕೂಡ. ನನಗೆ ಅವಳು ಹಿಡಿಸಿದ್ದು ಅದಕ್ಕೇ.

ಹೋದ ಭಾದ್ರಪದದಲ್ಲಿ ಅವಳಿಗೆ ವಿಜಯಪುರದಲ್ಲಿ ಎರಡು ದಿನ ತರಬೇತಿ ಇತ್ತು. ಮುಗಿಸಿ ಬಂದ ಮರುದಿನ ಬೆಳಿಗ್ಗೆಯೇ ಫೋನು ಹಿಡಿದು ನಮ್ಮ ಕೊಟ್ಟಿಗೆಗೆ ಬಂದಳು.

“ಆಯಿ, ಇದರಾಗ ಎ.ಐ. ಐತಿ,” ಅಂದಳು.

ಎ.ಐ. ಎಂದರೆ ನಮ್ಮ ಕಡೆ ದನ ಕಟ್ಟಿದವರಿಗೆಲ್ಲ ಒಂದೇ ಅರ್ಥ. ಕೋಣನ ಹತ್ತಿರ ಹೊಡೆದುಕೊಂಡು ಹೋಗುವ ಬದಲು, ಡಾಕ್ಟರೇ ನಳಿಗೆಯಲ್ಲಿ ಬೀಜ ತಂದು ಎಮ್ಮೆಗೆ ಹಾಕುವುದು.

“ಚಂದ್ರಿಗೆ ಎ.ಐ. ಆಗಿ ಇವತ್ತಿಗೆ ನಲವತ್ತೊಂದು ದಿನಾ ಆತು. ಮತ್ಯಾಕ ತಂದಿ ಯವ್ವಾ?” ಅಂದೆ.

ಪಕ್ಕದ ಮನೆಯ ಹೊಳೆವ್ವ ಗೋಡೆಯ ಆಚೆಯಿಂದಲೇ, “ಈಗ ಫೋನಿನಾಗೂ ಬೀಜ ಬರ್ತಾವೇನು? ಇನ್ನ ಡಾಕ್ಟರು ಮನ್ಯಾಗ ಕುಂಡ್ರಲಿ ತಗೋ,” ಅಂದಳು.

ರೇಣುಕಾ ನಕ್ಕೂ ನಕ್ಕೂ ಅಲ್ಲೇ ಕೂತುಬಿಟ್ಟಳು. “ಅದಲ್ಲ ಬೇ. ಇದು ಬ್ಯಾರೆ ಎ.ಐ. ನಾವು ಮಾತಾಡಿದ್ದು ತಿಳ್ಕೊಂಡು ಉತ್ತರಾ ಕೊಡ್ತೈತಿ. ಫೋಟೋ ನೋಡಿ ರೋಗಾ ಹೇಳ್ತೈತಿ.”

ಚಂದ್ರಿ ನನ್ನ ಎಮ್ಮೆ. ಹಣೆಯ ಮೇಲೆ ಬಿಳಿ ಚುಕ್ಕೆ ಇದೆ. ಎರಡು ಸಲ ಎ.ಐ. ಮಾಡಿಸಿದರೂ ಗಬ್ಬ ನಿಂತಿರಲಿಲ್ಲ. ಇದು ಮೂರನೆಯದು. “ಈ ಸಲಾ ನಿಲ್ಲಲಿಲ್ಲಂದ್ರ ಸಂತಿಗೆ ಹೊಡೀತೀನಿ” ಎಂದು ಮಗ ಸಿದ್ದರಾಮ ಹೇಳಿಯಾಗಿತ್ತು. ಇಪ್ಪತ್ತೊಂದನೆಯ ದಿನಕ್ಕೆ ಅದು ಮತ್ತೆ ಬೆದೆಗೆ ಬರಲಿಲ್ಲವಾದ್ದರಿಂದ ನಿಂತಿದೆ ಎಂದೇ ನಾನು ತಿಳಿದಿದ್ದೆ. ಆದರೆ ಎಂಟು ದಿನದಿಂದ ಸಗಣಿ ತೆಳುವಾಗಿತ್ತು, ಪಕ್ಕೆಲುಬು ಕಾಣುತ್ತಿದ್ದವು.

ರೇಣುಕಾ ಸಗಣಿಯದೊಂದು, ಪಕ್ಕೆಯದೊಂದು ಫೋಟೋ ತೆಗೆದಳು. “ನೀನ ಹೇಳು ಆಯಿ,” ಎಂದು ಫೋನು ನನ್ನ ಬಾಯಿಯ ಹತ್ತಿರ ಹಿಡಿದಳು.

ನಾನು ನಿಧಾನವಾಗಿ ಹೇಳಿದೆ: “ನಮ್ಮ ಎಮ್ಮಿ ಚಂದ್ರಿ ಗಬ್ಬ ಐತಿ. ಸಗಣಿ ತೆಳ್ಳಗಾಗೈತಿ. ಮೇವು ತಿಂದ್ರೂ ಮೈ ಹತ್ತವಲ್ದು.”

ಫೋನಿನೊಳಗೆ ಒಂದು ಹೆಣ್ಣುದನಿ, ರೇಡಿಯೋದವರ ಹಾಗೆ, ಒಂದೂ ಮಾತು ತಡವರಿಸದೆ ಹೇಳಿತು: “ನಿಮ್ಮ ಎಮ್ಮೆಗೆ ಜಂತುಹುಳುವಿನ ಬಾಧೆ ಇರಬಹುದು. ಜಂತಿನ ಔಷಧ ಕುಡಿಸಿ. ಎಮ್ಮೆ ಗಬ್ಬು ನಾರುತ್ತಿರುವುದರಿಂದ ಪ್ರತಿದಿನ ಮೈ ತೊಳೆಯಿರಿ.”

“ನಿನ್ನ ಎಮ್ಮಿ ನಾರೂದು ಫೋನಿಗೂ ಬಡದೈತಿ ನೋಡು,” ಅಂದಳು ಹೊಳೆವ್ವ.

“ನಾ ದಿನಾ ಮೈ ತೊಳಿತೀನಿ. ಹಂಗ್ಯಾಕ ಅಂತು ಇದು?” ಅಂದೆ. ನನಗೆ ಆ ಮಾತು ನಟ್ಟಿತ್ತು.

ಅಷ್ಟರಲ್ಲಿ ರೇಣುಕಾ ಚೀಲದಿಂದ ಜಂತಿನ ಔಷಧದ ಬಾಟಲಿ ತೆಗೆದು ಮುಚ್ಚಳ ತಿರುವುತ್ತಿದ್ದಳು. ನನ್ನ ಮಾತು ಕೇಳಿ ಅವಳ ಕೈ ನಿಂತಿತು. ಫೋನಿನಲ್ಲಿ ಅಕ್ಷರವಾಗಿ ಮೂಡಿದ್ದ ನನ್ನ ಮಾತನ್ನು ಮತ್ತೊಮ್ಮೆ ಓದಿದಳು.

“ಆಯಿ, ನೀ ಗಬ್ಬ ಅಂದದ್ದು ಇದಕ ಗಬ್ಬು ಅಂತ ಕೇಳೈತಿ. ಬಸರ ಐತಿ ಅನ್ನೂದು ತಿಳದ ಇಲ್ಲ ಇದಕ.”

ಈ ಸಲ ಅವಳು ತಾನೇ, ಪುಸ್ತಕದ ಮಾತಿನಲ್ಲಿ, ಎಮ್ಮೆ ಗರ್ಭ ಧರಿಸಿ ನಲವತ್ತೊಂದು ದಿನವಾಗಿರಬಹುದು ಎಂದು ಹೇಳಿ ಬಾಟಲಿಯ ಮೇಲಿನ ಹೆಸರನ್ನೂ ಓದಿದಳು. ಅದೇ ದನಿ, ಅದೇ ತಣ್ಣಗಿನ ರೀತಿಯಲ್ಲಿ, ಆ ಔಷಧ ಗರ್ಭದ ಮೊದಲ ದಿನಗಳಲ್ಲಿ ಹೊಟ್ಟೆಯ ಕರುವಿಗೆ ಅಪಾಯ, ಕೊಡಬೇಡಿ, ಡಾಕ್ಟರನ್ನು ಕೇಳಿ ಎಂದಿತು.

ರೇಣುಕಾ ಮುಚ್ಚಳ ಬಿಗಿ ಮಾಡಿ ಬಾಟಲಿಯನ್ನು ಚೀಲದ ತಳಕ್ಕೆ ಇಟ್ಟಳು.

“ಮದಲ ಸಲಾ ತಿಳೀಲಿಲ್ಲಂದ್ರ ಗೊತ್ತಿಲ್ಲ ಅನ್ನಬೇಕಿತ್ತಿಲ್ಲೋ?” ಅಂದೆ.

“ತನಗ ತಿಳದಿಲ್ಲ ಅನ್ನೂದೂ ಅದಕ ತಿಳದಿಲ್ಲ ಆಯಿ.”

“ಚಂದ್ರಿ ಖರೇ ನಿಂತೈತೋ ಇಲ್ಲೋ, ಅದನ್ನರ ಕೇಳು.”

ಕೇಳಿದಳು. ಫೋಟೋ ನೋಡಿ ಅದನ್ನು ಹೇಳಲಾಗದು, ಡಾಕ್ಟರೇ ಕೈಯಿಂದ ಪರೀಕ್ಷಿಸಬೇಕು ಎಂದಿತು. ಆ ಮಾತು ನನಗೆ ಸರಿ ಕಂಡಿತು.

ಮರುದಿನ ರೇಣುಕಾ ಸಗಣಿಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಬಬಲೇಶ್ವರಕ್ಕೆ ಒಯ್ದಳು. ಜಂತು ಇದ್ದದ್ದು ನಿಜವಾಗಿತ್ತು. ಡಾಕ್ಟರು ಬೇರೆ ಔಷಧ ಕೊಟ್ಟರು. ಆರನೆಯ ದಿನಕ್ಕೆ ಸಗಣಿ ಗಟ್ಟಿಯಾಯಿತು. ತೊಂಬತ್ತನೆಯ ದಿನ ಡಾಕ್ಟರು ಬಂದು, ಹೆಗಲತನಕ ಕೈಗವಸು ಏರಿಸಿಕೊಂಡು, ಕಣ್ಣು ಮುಚ್ಚಿ ಒಳಗೆ ಕೈಯಾಡಿಸಿದರು. ರೇಣುಕಾ ಕೊಂಬು ಹಿಡಿದಿದ್ದಳು. ನಾನು ಡಾಕ್ಟರ ಮುಖವನ್ನೇ ನೋಡುತ್ತಿದ್ದೆ.

“ನಿಂತೈತ್ರಿ ಆಯಿ,” ಅಂದರು.

ಸಿದ್ದರಾಮ ಹೋಗಿ ಒಂದು ಸಿವುಡು ಕಣಕಿ, ಜೋಳದ ಮೇವು, ತಂದು ಚಂದ್ರಿಯ ಮುಂದೆ ಹಾಕಿದ.

ಈಗ ರೇಣುಕಾ ಒಂದು ನೋಟುಬುಕ್ಕು ಇಟ್ಟಿದ್ದಾಳೆ. ನಮ್ಮ ಮಾತು ಒಂದು ಕಡೆ, ಫೋನಿಗೆ ತಿಳಿಯುವ ಮಾತು ಇನ್ನೊಂದು ಕಡೆ. ಬಿಡುವಾದಾಗ ಬಂದು ನನ್ನಿಂದ ಒಂದೊಂದೇ ಹೇಳಿಸಿ ನೋಡುತ್ತಾಳೆ. ಮೊನ್ನೆ “ಬೆದಿಗಿ ಬಂದೈತಿ” ಅಂದೆ. ಅದು ಬೇದಿ ಎಂದು ತಿಳಿದು ಉಪ್ಪು-ಬೆಲ್ಲದ ನೀರು ಕುಡಿಸಿ ಎಂದಿತು. ಹೊಳೆವ್ವ ಈಗ ಗೋಡೆ ದಾಟಿ ಒಳಗೇ ಬಂದು ಕೂರುತ್ತಾಳೆ.

ಚಂದ್ರಿ ಯಾವಾಗ ಈಯುತ್ತದೆ ಎಂದೂ ರೇಣುಕಾಳಿಂದ ಕೇಳಿಸಿದೆ. ಫೋನು ಒಂದು ತಾರೀಖು ಹೇಳಿತು. ಕ್ಯಾಲೆಂಡರಿನಲ್ಲಿ ನೋಡಿದರೆ ಅದು ಹುಣ್ಣಿಮೆಯ ಮರುದಿನ. ನನ್ನ ಎಣಿಕೆ ಹತ್ತು ಅಮಾವಾಸ್ಯೆ ಕಳೆದ ಮೇಲಿನ ಹುಣ್ಣಿಮೆ. ಅಮಾವಾಸ್ಯೆಗೊಂದರಂತೆ ಹಗ್ಗಕ್ಕೆ ಗಂಟು ಹಾಕುತ್ತಿದ್ದೇನೆ, ಆರು ಆಗಿವೆ.

“ಒಂದ ದಿನಾ ಫರಕ ಆಯಿ. ಯಾರದು ಖರೇ ಆಕ್ಕೈತಿ?” ಅಂದಳು ರೇಣುಕಾ.

“ನನಗ ಗೊತ್ತಿಲ್ಲ,” ಅಂದೆ.

ಆ ಎರಡೂ ದಿನ ಬೆಳಿಗ್ಗೆಯೇ ಬರುತ್ತೇನೆ ಎಂದಿದ್ದಾಳೆ.