ಹಡಗು ಹತ್ತದ ಮಗಳು

ನನ್ನ ಗಂಡನ ಕಾರಿನ ಹಿಂದಿನ ಗಾಜಿನಲ್ಲಿ ಈಗಲೂ ಒಂದು ಚೌಕದ ಅಂಟು ಉಂಟು. ಮೊದಲು ಅಲ್ಲಿ ‘ಮರೀನ್ ಮಗಳ ಹೆಮ್ಮೆಯ ಅಪ್ಪ’ ಅನ್ನುವ ಸ್ಟಿಕ್ಕರ್ ಇತ್ತು. ಡ್ರೈವ್‌ವೇಯಲ್ಲಿ ಬ್ಲೇಡ್ ಹಿಡಿದು ಅರ್ಧ ದಿನ ಕೂತು ಕೆರೆದರು. ಕಾಗದ ಹೋಯಿತು, ಅಂಟು ಹೋಗಲಿಲ್ಲ. ಗ್ಯಾರೇಜಿನಲ್ಲಿ ಆ ಅಂಟು ತೆಗೆಯುವ ಎಣ್ಣೆಯ ಬಾಟ್ಲಿ ಇದೆ, ನಾನು ಹೇಳಲಿಲ್ಲ. ಇರಲಿ ಅಲ್ಲೇ, ದಿನಾ ನೋಡಿಕೊಂಡು ಡ್ರೈವ್ ಮಾಡಲಿ.

ನಾವು ಉಡುಪಿ ಕಡೆಯವರು. ಈಗ ಅಮೆರಿಕದಲ್ಲಿ, ಮನೆ ಪೋರ್ಟರ್ ರ್ಯಾಂಚಿನಲ್ಲಿ, ಯಜಮಾನರ ಸಣ್ಣ ಮೆಷಿನ್ ಶಾಪ್ ಚಾಟ್ಸ್‌ವರ್ತ್‌ನಲ್ಲಿ. ನಾನು ಮಲ್ಪೆಯ ಮೀನುಗಾರರ ಮನೆಯವಳು, ಅಪ್ಪನ ದೋಣಿಯಲ್ಲಿ ಆಡಿ ಬೆಳೆದವಳು. ಇವರು ಕಾರ್ಕಳದ ಒಳಗಿನವರು, ನೀರು ಮೊಣಕಾಲಿಗೆ ಬಂದರೆ ಊರಿನ ದೈವಗಳೆಲ್ಲ ನೆನಪಾಗುತ್ತವೆ. ನಮಗೆ ಒಬ್ಬಳೇ ಮಗಳು. ಸಣ್ಣದರಲ್ಲಿ ಅವಳಿಗೆ ಉಬ್ಬಸ ಇತ್ತು. ಈಜು ಕಲಿಸಿದರೆ ಒಳ್ಳೆಯದು ಎಂದು ಡಾಕ್ಟರ್ ಹೇಳಿದ್ದಕ್ಕೆ ನಾನೇ ಕಲಿಸಿದೆ. ಹೈಸ್ಕೂಲಿನ ಅರ್ಧಕ್ಕೆ ಬರುವಾಗ ಅವಳ ಇನ್‌ಹೇಲರ್ ಡ್ರಾಯರ್‌ನಲ್ಲಿ ಧೂಳು ಹಿಡಿದು ಬಿದ್ದಿತ್ತು, ಅವಳು ಮೀನಿನ ಹಾಗೆ ಈಜುತ್ತಿದ್ದಳು.

2020ರಲ್ಲಿ ಎಲ್ಲ ಬಂದಾದಾಗ ಅವಳ ಶಾಲೆ ಮಲಗುವ ಕೋಣೆಯೊಳಗೆ ಬಂತು. ಅದೇ ಮಂಚ, ಅದೇ ಸ್ಕ್ರೀನ್, ಬಾಗಿಲು ಹಾಕಿದರೆ ಊಟಕ್ಕೂ ಬಾರಳು. ಕಾಲೇಜಿಗೆ ಅಪ್ಲೈ ಮಾಡು ಎಂದರೆ ಗೋಡೆ ನೋಡುತ್ತಿದ್ದಳು. ಎರಡು ವರ್ಷದ ಮೇಲೆ ಒಂದು ದಿನ ಬಂದು, ಮರೀನ್ಸ್‌ಗೆ ಸಹಿ ಹಾಕಿ ಬಂದೆ ಅಂದಳು. ಕೇಳಿದ್ದಲ್ಲ, ಹೇಳಿದ್ದು. ಮರೀನ್ಸ್ ಅಂದರೆ ನೌಕಾಪಡೆಯ ಹಡಗಿನಲ್ಲಿ ಹೋಗಿ, ಶತ್ರುವಿನ ದಡಕ್ಕೆ ಇಳಿದು, ನೆಲದ ಮೇಲೆ ಕಾದಾಡುವ ಕಾಲಾಳುಗಳು. ಯಜಮಾನರು ಮೂರು ದಿನ ಮಾತು ಬಿಟ್ಟರು. ಅವರಿಗೆ ಯುದ್ಧಕ್ಕಿಂತ ಹೆಚ್ಚು ಹೆದರಿಕೆ ನೀರಿನದ್ದು. ಹಿಂದೆ ಇಲ್ಲೇ ಕಡಲಲ್ಲಿ ತರಬೇತಿಗೆ ಹೋದ ಮರೀನ್ಸ್‌ನವರ ವಾಹನವೊಂದು ಮುಳುಗಿ ಹುಡುಗರು ತೀರಿಹೋದದ್ದನ್ನು ಟಿವಿಯಲ್ಲಿ ನೋಡಿದವರು. ಅದು ಅವರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಸ್ಯಾನ್ ಡಿಯಾಗೋದಲ್ಲಿ ತರಬೇತಿ ಮುಗಿದ ದಿನ ಅವಳನ್ನು ನೋಡಿ ನಾನು ಅತ್ತೆ. ಕಪ್ಪಗಾಗಿದ್ದಳು, ಸಣ್ಣಗಾಗಿದ್ದಳು, ಆದರೆ ತಲೆ ಎತ್ತಿ ನಿಂತಿದ್ದಳು. ಕೋಣೆಯ ಬಾಗಿಲು ಹಾಕಿಕೊಂಡ ಹುಡುಗಿ ಇವಳೇ ಹೌದಾ ಅನ್ನಿಸಿತು.

ಆಮೇಲೆ ಸ್ಯಾನ್ ಡಿಯಾಗೋದ ಉತ್ತರಕ್ಕಿರುವ ನೆಲೆಯಲ್ಲಿ ಒಂದು ಹಳೆಯ ರೆಜಿಮೆಂಟಿಗೆ ಹಾಕಿದರು. ಆ ರೆಜಿಮೆಂಟಿಗೆ ನೂರು ವರ್ಷದ ಮೇಲಿನ ಕಥೆ ಉಂಟು, ಹೊಸಬರು ಅದನ್ನು ಬಾಯಿಪಾಠ ಮಾಡಬೇಕು. ಹಿರಿಯರು ಎಲ್ಲಿ ಬೇಕಾದರೂ ನಿಲ್ಲಿಸಿ ಕೇಳುತ್ತಾರಂತೆ, ತಪ್ಪಿದರೆ ದಂಡ. ನಮ್ಮಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುವ ಹಾಗೆ. ಅವಳು ಭಾನುವಾರ ಫೋನಿನಲ್ಲಿ ಅಪ್ಪನಿಗೆ ಹೇಳಿ ಅಭ್ಯಾಸ ಮಾಡುತ್ತಿದ್ದಳು. ಫ್ರಾನ್ಸಿನ ಕಾಡು, ಪೆಸಿಫಿಕ್ಕಿನ ದ್ವೀಪಗಳು, ಕೊರಿಯಾದ ಹಿಮ, ವಿಯೆಟ್ನಾಂ, ಇರಾಕಿನ ಮರಳು. ಎಲ್ಲಿ ಇಳಿದರು, ಎಷ್ಟು ಚಳಿ, ಯಾರು ಯಾರನ್ನು ಹೊತ್ತು ತಂದರು. ಮೊದಲು ಸುಮ್ಮನೆ ಹೂಂಗುಟ್ಟುತ್ತಿದ್ದ ಇವರು ಮೆಲ್ಲಗೆ ಪ್ರಶ್ನೆ ಕೇಳಲು ಶುರುಮಾಡಿದರು. ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು, ಕನ್ನಡದಲ್ಲೇ ಕೇಳುವ ಅಪ್ಪ, ಇಬ್ಬರೂ ಗಂಟೆಗಟ್ಟಲೆ. ಅಷ್ಟು ಮಾತು ಅವರ ಮಧ್ಯೆ ಅವಳು ಹುಟ್ಟಿದಂದಿನಿಂದ ಆಗಿರಲಿಲ್ಲ, ನಾನೇ ಸಾಕ್ಷಿ.

ಹಳೆಯ ಯುದ್ಧವೊಂದರಲ್ಲಿ ಫ್ರಾನ್ಸಿನವರು ಕೊಟ್ಟ ಹಸಿರು ಕೆಂಪು ಹುರಿಯೊಂದನ್ನು ಆ ರೆಜಿಮೆಂಟಿನವರು ಹೆಗಲಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿ ಇರುವಷ್ಟು ದಿನ ಮಾತ್ರ ಹಾಕಬಹುದು. ಅವಳು ಅದನ್ನು ತೊಟ್ಟ ಫೋಟೋವನ್ನು ಇವರು ಫ್ರೇಮ್ ಹಾಕಿಸಿ ದೇವರ ಕೋಣೆಯ ಪಕ್ಕದಲ್ಲೇ ತೂಗುಹಾಕಿದರು. ಸ್ಟಿಕ್ಕರ್ ಬಂತು, ಟೋಪಿ ಬಂತು. ಯಾರ ಮನೆಯ ಪೂಜೆಗೆ ಹೋದರೂ ಪಾಯಸ ಬರುವ ಮೊದಲೇ ರೆಜಿಮೆಂಟಿನ ಕಥೆ ಶುರು. ನಾನು ಡಬ್ಬಗಟ್ಟಲೆ ಚಕ್ಕುಲಿ ಮಾಡಿ ಅವಳ ಜೊತೆಯವರಿಗೆಲ್ಲ ಕಳಿಸುತ್ತಿದ್ದೆ. ಮುಂದಿನ ವರ್ಷ ಅವಳ ತುಕಡಿ ಹಡಗು ಹತ್ತಿ ತಿಂಗಳುಗಟ್ಟಲೆ ಪೆಸಿಫಿಕ್ಕಿನಲ್ಲಿ ಇರುತ್ತದೆ ಎಂದು ಗೊತ್ತಾಯಿತು. ಅವಳು ಅದಕ್ಕಾಗಿಯೇ ಉಸಿರು ಹಿಡಿದು ಕಾಯುತ್ತಿದ್ದಳು. ಇವರ ಎದೆಯ ಮುಳ್ಳು ಪುನಃ ಚುಚ್ಚಲು ಶುರುವಾಯಿತು.

ಒಂದು ಪೂಜೆಯ ಊಟದಲ್ಲಿ ಸ್ಯಾನ್ ಡಿಯಾಗೋದ ಟೊರ್ರಿ ಪೈನ್ಸ್‌ನಲ್ಲಿ ಕೆಲಸ ಮಾಡುವ ಧಾರವಾಡದ ಕಡೆಯ ಒಬ್ಬರು ಸಿಕ್ಕಿದರು. ಅವರ ಪಕ್ಕದ ಮನೆಯಲ್ಲಿ ಮರೀನ್ಸ್‌ನ ನಿವೃತ್ತ ಅಧಿಕಾರಿ ಇದ್ದಾರಂತೆ, ಬೆಳಿಗ್ಗೆ ಒಟ್ಟಿಗೆ ವಾಕಿಂಗ್ ಅಂತೆ. ನಾನು ಆಚೆ ಮಜ್ಜಿಗೆ ಬಡಿಸುತ್ತಿದ್ದೆ. ಈಚೆ ನಮ್ಮವರು ಊರಿನ ಬುದ್ಧಿ ಓಡಿಸಿದರು. ಊರಿನಲ್ಲಿ ಟ್ರಾನ್ಸ್‌ಫರ್ ಆಗಬೇಕಾದರೆ ಎಂತ ಮಾಡುತ್ತೇವೆ? ಗೊತ್ತಿದ್ದವರ ಹತ್ತಿರ ಒಂದು ಮಾತು ಹಾಕಿಸುತ್ತೇವೆ, ಆರೋಗ್ಯದ ಕಾರಣ ಹೇಳುತ್ತೇವೆ. ಇವರ ಅಣ್ಣ ಬೀದರಿನಿಂದ ಉಡುಪಿಗೆ ಬಂದದ್ದು ಹಾಗೆಯೇ, ಅತ್ತೆಯ ಸಕ್ಕರೆ ಕಾಯಿಲೆಯ ಹೆಸರಿನಲ್ಲಿ. ಅದೇ ಸೂತ್ರ ಇಲ್ಲಿಯೂ ಹಚ್ಚಿದರು ಮಹಾನುಭಾವರು. ಹುಡುಗಿಗೆ ಚಿಕ್ಕಂದಿನಿಂದ ಉಬ್ಬಸ, ಹಡಗಿಗೆ ಬೇಡ, ದಡದಲ್ಲೇ ಏನಾದರೂ ಆಫೀಸ್ ಕೆಲಸ ಕೊಡಿಸಿ ಎಂದು ಆ ಧಾರವಾಡದವರ ಮೂಲಕ ಹೇಳಿಕಳಿಸಿದರಂತೆ. ಆ ಅಧಿಕಾರಿ ಒಳ್ಳೆಯ ಮನುಷ್ಯ. ಒಬ್ಬ ಅಪ್ಪನ ಆತಂಕ ಅಂದುಕೊಂಡು, ಪಡೆಯಲ್ಲಿ ತನಗೆ ಗೊತ್ತಿದ್ದವರಿಗೆ ಒಂದು ಫೋನ್ ಮಾಡಿದರು.

ಮರೀನ್ಸ್‌ಗೆ ಸೇರುವಾಗ ಉಬ್ಬಸ ಇತ್ತಾ ಎಂದು ಕೇಳುತ್ತಾರೆ. ಇವಳು ಇಲ್ಲ ಅಂದಿದ್ದಳು. ಇದ್ದರೆ ಸೇರಿಸುವುದಿಲ್ಲ, ಮುಚ್ಚಿಟ್ಟದ್ದು ಗೊತ್ತಾದರೆ ಇರಗೊಡುವುದಿಲ್ಲ. ಇದು ಅವಳಿಗೆ ಗೊತ್ತಿತ್ತು, ಅವಳ ಅಪ್ಪನಿಗೆ ಗೊತ್ತಿರಲಿಲ್ಲ. ಕೇಳಿದ್ದರೆ ತಾನೇ ಗೊತ್ತಾಗುವುದು.

ತಪಾಸಣೆ ಶುರುವಾಯಿತು. ಹಳೆಯ ಔಷಧಿಯ ದಾಖಲೆಗಳು ಹೊರಗೆ ಬಂದವು. ಅವಳು ಫೋನ್ ಮಾಡಿ ಒಂದೇ ಮಾತು ಕೇಳಿದಳು: “ಅಮ್ಮ, ಅಪ್ಪ ಯಾರಿಗೆ ಏನು ಹೇಳಿದ್ದು?” ನನಗೆ ತಲೆಬುಡ ಗೊತ್ತಾಗಲಿಲ್ಲ. ತಿರುಗಿ ನೋಡಿದರೆ ಇವರು ತಟ್ಟೆಯಲ್ಲಿ ಕೈಯಿಟ್ಟು ಹಾಗೇ ಕೂತಿದ್ದರು. ಒಂದು ಮಾತು ಹಾಕಿದ್ದು ಅಷ್ಟೆ ಅಂದರು. ನನಗೆ ಪಿತ್ತ ನೆತ್ತಿಗೇರಿತು. ಆ ದಿನ ನಾನು ಬೈದ ಬೈಗುಳ ಮಲ್ಪೆಯ ಮೀನು ಮಾರ್ಕೆಟ್ಟಿನಲ್ಲೂ ಯಾರೂ ಕೇಳಿರಲಿಕ್ಕಿಲ್ಲ. ಬೈದು ಎಂತ ಪ್ರಯೋಜನ? ಹಡಗು ಅವಳನ್ನು ಬಿಟ್ಟು ಹೋಯಿತು. ಅದು ದಡ ಬಿಟ್ಟ ಸ್ವಲ್ಪ ದಿನಕ್ಕೆ ಅವಳನ್ನೂ ಪಡೆಯಿಂದ ಬಿಡಿಸಿ ಕಳಿಸಿದರು. ಹುರಿ ತೆಗೆದು, ಸಮವಸ್ತ್ರ ಮಡಚಿಟ್ಟು ಹೊರಗೆ ಬಂದಳು.

ಮನೆಗೆ ಬರಲಿಲ್ಲ. ನೆಲೆಯ ಪಕ್ಕದ ಓಷನ್‌ಸೈಡ್‌ನಲ್ಲೇ ಒಂದು ಕೋಣೆ ಮಾಡಿಕೊಂಡು ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಅಪ್ಪ ಫೋನ್ ಮಾಡಿದರೆ ಎತ್ತುವುದಿಲ್ಲ. ನಾನು ಹೋದರೆ ಬಾಗಿಲು ತೆಗೆಯುತ್ತಾಳೆ, ಅಷ್ಟೇ. ತಂದ ಅಡುಗೆ ಫ್ರಿಜ್ಜಿನಲ್ಲಿಟ್ಟು ಮಂಚದ ಮೇಲೆ ಮಗ್ಗುಲಾಗಿ ಗೋಡೆ ನೋಡುತ್ತಾಳೆ. ಅದೇ ಗೋಡೆ ನೋಡುವ ಹುಡುಗಿ ವಾಪಸ್ ಬಂದಿದ್ದಾಳೆ, ಈ ಸಲ ಎಬ್ಬಿಸಿ ಕರೆದುಕೊಂಡು ಹೋಗಲಿಕ್ಕೆ ಯಾವ ಪಡೆಯೂ ಇಲ್ಲ. ನನ್ನ ಕೈಯಲ್ಲಿ ಆಗುವುದಿಲ್ಲ. ಇದನ್ನು ಬರೆಯುವಾಗಲೂ ನನಗೆ ದಾರಿ ಕಾಣುವುದಿಲ್ಲ.

ಹಡಗು ವಾಪಸಾದ ದಿನ ಹೋಗಬೇಕು ಅಂದಳು. ನಾನು ಡ್ರೈವ್ ಮಾಡಿದೆ. ನೆಲೆಯ ಮೈದಾನದಲ್ಲಿ ಅಡ್ಡ ಹಗ್ಗ ಕಟ್ಟಿದ್ದರು, ಈಚೆ ಮನೆಯವರು, ಬಲೂನು, ಕೂಸುಗಳು. ಬಂದರಿನಿಂದ ಅವರನ್ನು ಹೊತ್ತ ಬಸ್ಸುಗಳು ಬಂದವು. ಪಡೆಯಲ್ಲಿರುವಾಗ ಅವಳ ಕೋಣೆಯಲ್ಲಿದ್ದ ಗೆಳತಿ ಓಡಿಬಂದು ಅಪ್ಪಿಕೊಂಡಳು. ನನ್ನನ್ನು ನೋಡಿ, ಆಂಟಿ, ಹಡಗಿನಲ್ಲಿ ನಿಮ್ಮ ಚಕ್ಕುಲಿ ನೆನೆದೆವು ಅಂದಳು. ಆಮೇಲೆ ನನ್ನ ಮಗಳ ಮುಖ ನೋಡಿ, ನಿಜವಾದ ಪ್ರೀತಿಯಿಂದಲೇ, “ಈಗ ಉಸಿರಾಟ ಹೇಗಿದೆ?” ಅಂತ ಕೇಳಿದಳು. ಚೆನ್ನಾಗಿದೆ ಅಂದಳು ನನ್ನ ಮಗಳು.

ಅಷ್ಟರಲ್ಲಿ ಸಾಲಿಗೆ ನಿಲ್ಲಲು ಕೂಗು ಬಂತು. ಗೆಳತಿ ಓಡಿದಳು. ನನ್ನ ಮಗಳ ಕಾಲೂ ತನ್ನಷ್ಟಕ್ಕೆ ಮುಂದೆ ಹೋಯಿತು, ಹಗ್ಗ ಹೊಟ್ಟೆಗೆ ತಾಗಿದ ಮೇಲೆ ನಿಂತಿತು. ನಾನು ಬೇರೆ ಕಡೆ ನೋಡಿದೆ.

ಅವಳನ್ನು ಕೋಣೆಯ ಹತ್ತಿರ ಇಳಿಸಿದೆ. ಕಾರಿನ ಬಾಗಿಲು ಹಿಡಿದು ಒಳಗೆ ಬಗ್ಗಿದಳು. ಯಾವತ್ತೂ ಇಂಗ್ಲಿಷಿನಲ್ಲೇ ಹೇಳುವವಳು ಕನ್ನಡದಲ್ಲಿ ಹೇಳಿದಳು: “ನಾನು ಸೇಫ್ ಆಗಿದ್ದೇನೆ ಅಂತ ಅಪ್ಪನಿಗೆ ಹೇಳು.”

ಮನೆಗೆ ಬಂದು ಹೇಳಿದೆ. ಇವರು ಟಿವಿಯ ಸ್ವರ ಸಣ್ಣ ಮಾಡಿದರು. ಮತ್ತೆ ಏನಾದರೂ ಹೇಳಿದಳಾ ಎಂದು ಕೇಳಿದರು. ಇಲ್ಲ ಅಂದೆ.